ಬಿಸಿಲಿಗೆ ಬೆದರದ ಮಾಧವಿ
ಬೆಂಗಳೂರಿನ ನಾಗರಬಾವಿಯ ಕಡೆ ಮನೆ ಕಟ್ಟಿಸಿದವರು ಗೇಟಿನ ಪಕ್ಕದ ತುಂಡು ಜಾಗದಲ್ಲಿ ಯಾವ ಬಳ್ಳಿ ಹಬ್ಬಿಸೋಣವೆಂದು ಕೇಳಿದರೆ, ನಾನು ಹೇಳುವುದು ಮಾಧವಿಯ ಹೆಸರನ್ನೇ. 2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್‌ಗಳು ಬತ್ತಿದ್ದವು, ಕುಡಿಯುವ ನೀರನ್ನು ಕೈತೋಟಕ್ಕೆ ಹರಿಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತ್ತು. ಅಂಥ ವರ್ಷಗಳು ಮತ್ತೆ ಬರುತ್ತವೆ. ದಿನವೂ ನೀರು ಬೇಡುವ ಗಿಡಗಳ ಮೋಹವನ್ನು ನಾವು ಬಿಡಲೇಬೇಕು. ಮಾಧವಿ ನಮ್ಮ ನಾಡಿನ ಕಾಡಿನದೇ ಬಳ್ಳಿ. ಶಾಕುಂತಲ ನಾಟಕದಲ್ಲಿ ದುಷ್ಯಂತ ವಿರಹದಲ್ಲಿ ಹೋಗಿ ಕೂರುವುದು ಇದರ ಮಂಟಪದಲ್ಲೇ. ಅಂಚು ಕತ್ತರಿಸಿದ ಜರಿಯಂತಿರುವ ಐದು ಬಿಳಿ ಎಸಳು, ಅವುಗಳಲ್ಲಿ ಒಂದಕ್ಕೆ ಮಾತ್ರ ಹಳದಿ ಮಚ್ಚೆ. ಚಳಿ ಇಳಿದು ಬಿಸಿಲೇರುವ ಹೊತ್ತಿಗೆ ಅರಳಿ ಮನೆಯಂಗಳದಲ್ಲೆಲ್ಲ ಘಮಘಮಿಸುತ್ತದೆ, ಜೇನ್ನೊಣಗಳನ್ನು ಕರೆತರುತ್ತದೆ. ಕಾಯಿಗಂತೂ ಮೂರು ರೆಕ್ಕೆ. ಗಾಳಿಯಲ್ಲಿ ತಿರುತಿರುಗಿ ಇಳಿಯುವುದನ್ನು ಮಕ್ಕಳಿಗೆ ತೋರಿಸಬೇಕು. ಒಂದು ಎಚ್ಚರ: ಇದು ಮರದಂತೆ ಕಾಂಡ ದಪ್ಪವಾಗುವ ಬಳ್ಳಿ, ನೂಲು-ದಾರ ಸಾಲದು, ಗಟ್ಟಿ ಕಬ್ಬಿಣದ ಚಪ್ಪರವೇ ಬೇಕು. ಹೂವಿನ ಕಾಲ ಮುಗಿದೊಡನೆ ಸವರಿಬಿಡಿ. ಮಾರಿಷಸ್‌ನಲ್ಲಿ ಹೊರಗಿನಿಂದ ಬಂದ ಇದೇ ಬಳ್ಳಿ ಕಾಡನ್ನು ಮುಸುಕಿ ಪೀಡೆಯಾಗಿದೆ, ಅಷ್ಟು ಶಕ್ತಿ ಇದಕ್ಕಿದೆ. ಮೊದಲ ಒಂದೆರಡು ಬೇಸಿಗೆ ಬುಡಕ್ಕೆ ತರಗೆಲೆ ಮುಚ್ಚಿ, ತರಕಾರಿ ತೊಳೆದ ನೀರು ಹಾಕಿದರೆ ಸಾಕು. ಬೇರು ಆಳಕ್ಕಿಳಿದ ಮೇಲೆ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ. ನರ್ಸರಿಯಲ್ಲಿ ಮಾಧವಿಯೆಂದು ಕೆಂಪು ಗೊಂಚಲಿನ ರಂಗೂನ್ ಬಳ್ಳಿ ಕೊಟ್ಟರೆ ಒಪ್ಪಬೇಡಿ, ಮಾಧವಿಯನ್ನೇ ಕೇಳಿ ತನ್ನಿ. ಈ ಮುಂಗಾರಿಗೆ ಮಣ್ಣು ಹದವಾಗುತ್ತಲೇ ನೆಟ್ಟುಬಿಡಿ.