ಬೆರಳಿಗೆ ಬೆಲೆ ಕಟ್ಟುವವರು ಯಾರು?

ಕಳೆದ ವಾರ ತಿಕೋಟಾ ಕಡೆಯ ಒಬ್ಬ ತಂಗಿ ನಮ್ಮ ಕಚೇರಿಗೆ ಬಂದಿದ್ದಳು. ಕೂಸಾಗಿದ್ದಾಗ ಪೋಲಿಯೋ ಬಡಿದು ಬಲಗಾಲು ಸೋತಿದೆ. ತಂದೆ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೂಲಿ. ಇಷ್ಟರಲ್ಲಿಯೇ ಹುಡುಗಿ ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿದ್ದಾಳೆ. ಇನ್ನು ಪಿಎಚ್.ಡಿ. ಮಾಡಬೇಕೆನ್ನುತ್ತಾಳೆ. ವಿಷಯ: ಅಂಗವಿಕಲರ ಬಗೆಗಿನ ಸರಕಾರದ ಧೋರಣೆ ಮತ್ತು ಸಾಮಾಜಿಕ ನ್ಯಾಯ. ನಮ್ಮಿಂದ ಆಕೆ ಕೇಳಿದ್ದು ಹಣವನ್ನಲ್ಲ. ಜಿನ್ನು, ಎಣ್ಣೆಗಿರಣಿ, ಸಕ್ಕರೆ ಕಾರಖಾನೆಗಳಲ್ಲಿ ಕೈಕಾಲು ಕಳೆದುಕೊಂಡವರ ಮನೆಗಳ ಗುರುತು ಹೇಳಿ, ಅವರೊಡನೆ ಮಾತಾಡಲು ಒಂದು ಪರಿಚಯದ ಚೀಟಿ ಕೊಡಿರೆಂದು ಕೇಳಿದಳು.

ಆಗ ಬಾಗಿಲ ಬಳಿ ಕುಳಿತಿದ್ದ ನಮ್ಮ ಹಮಾಲ ಅಣ್ಣ ಒಬ್ಬರು ಸುಮ್ಮನಿರದೆ ಕೇಳಿಯೇಬಿಟ್ಟರು: "ಮಾಸ್ತರ್ರ, ಕೈ ಹೋದವ್ರಿಗಿ ನಾಕ್ ದುಡ್ಡು ಪಗಾರ ಮಾಡಿಸ್ರಿ, ಅದು ಖರೇ ಕೆಲಸ. ಈ ಪಿಎಚ್.ಡಿ. ತಗೊಂಡು ನಾವೇನ್ ಉಣ್ಣೂದೈತಿ?"

ಹುಡುಗಿ ನಕ್ಕಳು. ನಮಗೆ ನಗು ಬರಲಿಲ್ಲ. ಹತ್ತನೆಯ ಇಯತ್ತೆಯಾಚೆ ಓದದ ನಮ್ಮ ತಲೆಯಲ್ಲಿಯೂ ಅದೇ ಪ್ರಶ್ನೆ ಸುಳಿದಿತ್ತೆಂಬುದನ್ನು ಮುಚ್ಚಿಡುವುದೇಕೆ? ಆ ಅಣ್ಣನಿಗೆ ಅಂದು ಕೊಡಲಾರದೆ ಹೋದ ಉತ್ತರವನ್ನು ಇಂದು ಇಲ್ಲಿ ಕೊಡಲು ಯತ್ನಿಸುತ್ತೇವೆ.

ಮೊದಲು ಬೆರಳಿನ ಲೆಕ್ಕ ನೋಡೋಣ. ಬ್ರಿಟಿಷರ ಕಾಲದಲ್ಲಿ, 1923ರಲ್ಲಿ, ಕೆಲಸಗಾರರ ನಷ್ಟಪರಿಹಾರದ ಕಾಯದೆಯೊಂದು ಬಂದಿತು. ಅದರ ಬೆನ್ನಿಗೆ ಒಂದು ಪಟ್ಟಿ ಇದ್ದಿತು. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ನಷ್ಟ. ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ. 50. ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣು ಹೋದರೆ ಶೇ. 40. ಎರಡು ಕೈಯೂ ಹೋದರೆ ಪೂರ್ತಿ 100. ಆ ಕಾಯದೆ ಈಗ ಸಾಮಾಜಿಕ ಭದ್ರತೆಯ ಹೊಸ ಸಂಹಿತೆಯೊಳಗೆ ಸೇರಿಹೋಗಿದೆ. ಸಂಹಿತೆ 2020ರಲ್ಲಿ ಪಾಸಾಗಿ 2025ರ ನವೆಂಬರದಲ್ಲಿ ಜಾರಿಗೆ ಬಂದಿತು. ಹೆಸರು ಹೊಸದು, ಆದರೆ ದೇಹವನ್ನು ತುಂಡು ತುಂಡಾಗಿ ಎಣಿಸುವ ಪಟ್ಟಿ ಅಲ್ಲಿಗೂ ದಾಟಿ ಬಂದಿದೆ.

ಈ ಪಟ್ಟಿ ಕೆಲಸಗಾರನಿಗೆ ಉಪಕಾರ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ಪಟ್ಟಿ ಇಲ್ಲದಿದ್ದರೆ ಮಾಲಕನು "ನಿನ್ನ ತಪ್ಪಿನಿಂದಲೇ ಕೈ ಹೋಯಿತು" ಎಂದು ನೂರು ರೂಪಾಯಿ ಕೊಟ್ಟು ಕಳಿಸುತ್ತಿದ್ದನು. ಆದರೆ ವಿಚಾರ ಮಾಡಿ ನೋಡಿರಿ: ಜಿನ್ನಿನ ಬಾಯಿಗೆ ಹತ್ತಿ ನೂಕುವವನ ಹೆಬ್ಬೆರಳೂ ಕಾರಕೂನನ ಹೆಬ್ಬೆರಳೂ ಪಟ್ಟಿಯಲ್ಲಿ ಒಂದೇ. ಕಾರಕೂನನು ಮೂರು ತಿಂಗಳಿಗೆ ಮರಳಿ ಕುರ್ಚಿಯ ಮೇಲೆ ಕೂಡ್ರುತ್ತಾನೆ. ಜಿನ್ನಿನವನನ್ನು ಮಾಲಕನು ಮತ್ತೆ ಒಳಗೆ ಬಿಡುವುದಿಲ್ಲ; ಅವನ ಪಾಲಿಗೆ ಹೋದದ್ದು ಶೇ. 30 ಅಲ್ಲ, ನೂರಕ್ಕೆ ನೂರು. ಈ ಅಂತರವನ್ನು ಬರೆದಿಟ್ಟು ತೋರಿಸಿದವರು ನಮ್ಮ ನಡುವೆ ಯಾರು? ಹೆಬ್ಬೆರಳು ಹೋದವನು ಐದು ವರ್ಷದ ಮೇಲೆ ಏನು ತಿನ್ನುತ್ತಿದ್ದಾನೆ, ಅವನ ಮಕ್ಕಳು ಸಾಲೆ ಬಿಟ್ಟರೋ ಇಲ್ಲವೋ, ಅವನ ಹೆಂಡತಿ ಯಾರ ಹೊಲದಲ್ಲಿ ಸದೆ ಕೀಳುತ್ತಿದ್ದಾಳೆ ಎಂಬ ಲೆಕ್ಕ ಯಾವ ಕಚೇರಿಯ ವಹಿಯಲ್ಲಿದೆ?

ಇನ್ನೊಂದು ಶೇಕಡಾ ಇದೆ. ಅದು ದವಾಖಾನೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯದೆ 1995ರ ಹಳೆಯ ಕಾಯದೆಗಿಂತ ದೊಡ್ಡದು. ಹಿಂದೆ 7 ಬಗೆಯ ವೈಕಲ್ಯ ಎಣಿಸುತ್ತಿದ್ದರು, ಈಗ 21. ಸರಕಾರಿ ನೌಕರಿಯಲ್ಲಿ ಮೀಸಲಾತಿ ಶೇ. 3 ಇದ್ದದ್ದು ಶೇ. 4 ಆಯಿತು, ಸರಕಾರಿ ಮತ್ತು ಅನುದಾನಿತ ಉನ್ನತ ವಿದ್ಯಾಸಂಸ್ಥೆಗಳಲ್ಲಿ ಶೇ. 5 ಜಾಗ. ಆದರೆ ಈ ಮೀಸಲಾತಿಗಳಿಗೆಲ್ಲ ವೈಕಲ್ಯ ಕನಿಷ್ಠ ಶೇ. 40 ಇರಬೇಕು. ಶೇ. 38 ಎಂದು ವೈದ್ಯರು ಬರೆದರೆ ಅವನು ಅಂಗವಿಕಲನೂ ಅಲ್ಲ, ಗಿರಣಿಯ ಕಣ್ಣಿಗೆ ಗಟ್ಟಿ ಆಳೂ ಅಲ್ಲ. ತಿಕೋಟಾ, ಬಬಲೇಶ್ವರದ ಹಳ್ಳಿಗಳಿಂದ ಎರಡು ಬಸ್ಸು ಬದಲಿಸಿ, ಒಂದು ದಿನದ ಕೂಲಿ ಬಿಟ್ಟು, ಜತೆಗೆ ಬಂದವರ ಕೂಲಿಯನ್ನೂ ಬಿಡಿಸಿ, ವಿಜಯಪುರಕ್ಕೆ ಬಂದು "ಇವತ್ತು ಡಾಕ್ಟರಿಲ್ಲ, ಬುಧವಾರ ಬಾ" ಎಂಬ ಮಾತು ಕೇಳಿಕೊಂಡು ಹೋದವರ ಜತೆ ನಾವೂ ಕುಳಿತಿದ್ದೇವೆ. 2021ರ ಜೂನಿನಿಂದ ಪ್ರಮಾಣಪತ್ರವೆಲ್ಲ ಗಣಕಯಂತ್ರದ ಮೂಲಕ. ಅರ್ಜಿ ತುಂಬಿಕೊಡುವ ಅಂಗಡಿಯವನಿಗೆ ಕೊಡುವ ಹಣ ಬೇರೆ.

ಹೆಸರಿಗೇನೂ ಬರವಿಲ್ಲ. ಕುಂಟ, ಕುರುಡ ಎಂದರೆ ತಪ್ಪು, ಅಂಗವಿಕಲ ಎನ್ನಿರೆಂದರು. ಅದೂ ಬೇಡ, ವಿಕಲಚೇತನ ಎನ್ನಿರೆಂದರು. 2015ರ ಡಿಸೆಂಬರದಲ್ಲಿ ಪ್ರಧಾನಿಗಳು ದಿವ್ಯಾಂಗ ಎಂದರು. ಕೇಂದ್ರ ಸರಕಾರ ಶೇ. 80 ವೈಕಲ್ಯವುಳ್ಳ ಬಡವನಿಗೆ ಕೊಡುವ ಪಿಂಚಣಿಯ ಪಾಲು ಮಾತ್ರ 2012ರಿಂದ ತಿಂಗಳಿಗೆ 300 ರೂಪಾಯಿ. ರಾಜ್ಯವು ಅದಕ್ಕೆ ತನ್ನ ಪಾಲು ಕೂಡಿಸಿ ಕೊಡುತ್ತದೆಂಬುದು ನಿಜ. ಆದರೆ ದಿವ್ಯವಾದ ಅಂಗಕ್ಕೆ ದಿನಕ್ಕೆ ಹತ್ತು ರೂಪಾಯಿ ಬೆಲೆ ಕಟ್ಟಿದವರಿಗೆ ಹೆಸರಿಡುವ ಉತ್ಸಾಹ ಎಲ್ಲಿಂದ ಬರುತ್ತದೋ ನಮಗೆ ತಿಳಿಯದು.

ಈ ವಿದ್ಯೆ ಎಲ್ಲಿ ಹುಟ್ಟಿತೆಂಬುದನ್ನು ನಮ್ಮ ವಾಚಕರು ಅರಿಯಬೇಕು, ಏಕೆಂದರೆ ಅದು ಪಂಡಿತರ ಮೇಜಿನ ಮೇಲೆ ಹುಟ್ಟಿದ್ದಲ್ಲ. 1972ರಲ್ಲಿ ಇಂಗ್ಲೆಂಡಿನ ಪಾಲ್ ಹಂಟ್ ಎಂಬ ಅಂಗವಿಕಲನು ಪತ್ರಿಕೆಗೆ ಒಂದು ಕಾಗದ ಬರೆದು, ಆಶ್ರಮಗಳಲ್ಲಿ ಕೂಡಿಹಾಕಲ್ಪಟ್ಟ ತನ್ನಂಥವರು ಒಂದುಗೂಡಬೇಕೆಂದು ಕರೆಕೊಟ್ಟನು. ಕಟ್ಟಿದ ಸಂಘಕ್ಕೆ ಅವರು ಇಟ್ಟ ಹೆಸರು 'ಯೂನಿಯನ್' ಎಂಬುದನ್ನು ಗಮನಿಸಿರಿ. ದಕ್ಷಿಣ ಆಫ್ರಿಕದಲ್ಲಿ ವರ್ಣದ್ವೇಷದ ವಿರುದ್ಧ ಹೋರಾಡಿ ಜೇಲು ಕಂಡಿದ್ದ ವಿಕ್ ಫಿಂಕೆಲ್‌ಸ್ಟೈನ್ ಅದರಲ್ಲಿ ಸೇರಿದನು. 1976ರಲ್ಲಿ ಅವರು ಜಾಹೀರುಪಡಿಸಿದ ಮಾತಿನ ತಿರುಳು ಇಷ್ಟು: ಕಾಲು ಸೋತಿರುವುದು ಒಂದು ಸಂಗತಿ, ಮೆಟ್ಟಿಲು ಕಟ್ಟಿ, ಬಸ್ಸನ್ನು ಎತ್ತರ ಮಾಡಿ, ಕೆಲಸ ಕೊಡದೆ ಆ ಮನುಷ್ಯನನ್ನು ಮೂಲೆಗೆ ತಳ್ಳಿರುವುದು ಇನ್ನೊಂದು. ಮೊದಲನೆಯದು ದೇಹದ್ದು, ಎರಡನೆಯದು ಸಮಾಜದ್ದು. ಮುಂದೆ ಮೈಕ್ ಆಲಿವರ್ ಈ ವಿಚಾರವನ್ನು ಶಾಸ್ತ್ರವಾಗಿ ಬೆಳೆಸಿ, ಆ ದೇಶದಲ್ಲಿ ಅಂಗವೈಕಲ್ಯ ಅಧ್ಯಯನದ ಮೊದಲ ಪ್ರಾಧ್ಯಾಪಕನಾದನು. ಅವನೂ ಗಾಲಿಕುರ್ಚಿಯ ಮನುಷ್ಯನೇ.

ಗಿರಣಿ ಬಂದ ಮೇಲೆ ಅಂಗವಿಕಲನು ಹೆಚ್ಚು ಅಂಗವಿಕಲನಾದನೆಂಬುದು ಅವರ ಇನ್ನೊಂದು ವಾದ. ಮನೆಯ ಮಗ್ಗದ ಮುಂದೆ ಕುಂಟನೂ ತನ್ನ ಚೈತನ್ಯಕ್ಕೆ ತಕ್ಕಂತೆ ಲಾಳಿ ಹಾಕಬಹುದಿತ್ತು. ಗಿರಣಿಯ ಭೋಂಗಾ ಯಾರಿಗೂ ಕಾಯುವುದಿಲ್ಲ. ಯಂತ್ರದ ವೇಗಕ್ಕೆ ಹೊಂದದ ದೇಹ ಹೊರಗೆ. ಇದರಲ್ಲಿ ನಿಜವಿದೆ. ಹಾಗೆಂದು ಹಿಂದಿನ ಹಳ್ಳಿ ಸ್ವರ್ಗವಾಗಿತ್ತೆಂದು ಹೊಗಳುವವರ ಮಾತಿಗೆ ನಾವು ತಲೆದೂಗಲಾರೆವು. ಕುರುಡು ಕೂಸನ್ನು ಪೂರ್ವಜನ್ಮದ ಪಾಪವೆಂದ ಹಳ್ಳಿಯೂ ಅದೇ. ನಮ್ಮ ಕಡೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ, ತಾವೇ ಕಣ್ಣಿಲ್ಲದವರಾಗಿ, ಎಷ್ಟೋ ಅಂಧ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂದಿತು. ಅವರ ಹೆಸರು ಕೇಳಿದರೆ ನಾವೂ ಕೈಮುಗಿಯುತ್ತೇವೆ. ಆದರೆ ಒಬ್ಬ ಪುಣ್ಯಪುರುಷನು ಸಿಕ್ಕ ಮಗುವಿಗೆ ವಿದ್ಯೆ, ಸಿಗದ ಮಗುವಿಗೆ ಭಿಕ್ಷಾಪಾತ್ರೆ ಎಂಬುದು ಸರಕಾರದ ವ್ಯವಸ್ಥೆಯಾಗಬಾರದು.

ಅಮೇರಿಕದ ಒಂದು ಕಥೆಯನ್ನು ಗಿರಣಿಯ ಬಂಧುಗಳಿಗೆಂದೇ ಹೇಳಬೇಕಾಗಿದೆ. ಅಲ್ಲಿ 1973ರಲ್ಲಿ ಅಂಗವಿಕಲರ ಪರ ಕಾಯದೆ ಪಾಸಾಯಿತು. ನಾಲ್ಕು ವರ್ಷವಾದರೂ ನಿಯಮಗಳಿಗೆ ಸಹಿ ಬೀಳಲಿಲ್ಲ. 1977ರ ಏಪ್ರಿಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸರಕಾರಿ ಕಟ್ಟಡದೊಳಗೆ ನೂರಕ್ಕೂ ಹೆಚ್ಚು ಅಂಗವಿಕಲರು ಮತ್ತು ಅವರ ಗೆಳೆಯರು ಹೊಕ್ಕು ಮೂರು ವಾರಕ್ಕೂ ಮಿಗಿಲಾಗಿ ಅಲ್ಲಿಯೇ ಕುಳಿತರು. ಕರಿಯ ಜನರ ಸಂಘಟನೆಯಾದ ಬ್ಲ್ಯಾಕ್ ಪ್ಯಾಂಥರ್ಸ್ ಅವರಿಗೆ ಬಿಸಿ ಊಟ ಹೊತ್ತು ತಂದಿತು. ಜೂಡಿ ಹ್ಯೂಮನ್ ಮುಂತಾದವರು ರಾಜಧಾನಿಗೆ ಹೋದಾಗ ಗಾಲಿಕುರ್ಚಿ ಏರಿಸಬಲ್ಲ ಲಾರಿಯನ್ನು ಬಾಡಿಗೆಗೆ ಹಿಡಿದುಕೊಟ್ಟವರು ಯಂತ್ರ ಕಾರ್ಮಿಕರ ಯೂನಿಯನ್ನಿನವರು. ಸಹಿ ಬಿದ್ದಿತು.

ಇನ್ನು ಪಿಎಚ್.ಡಿ.ಯ ಮಾತು. 2011ರ ಜನಗಣತಿಯಲ್ಲಿ ದೇಶದ ಅಂಗವಿಕಲರು 2.68 ಕೋಟಿ, ಅಂದರೆ ನೂರಕ್ಕೆ 2.21. ಕರ್ನಾಟಕದಲ್ಲಿ 13.24 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದ್ದು ಜಗತ್ತಿನಲ್ಲಿ ನೂರಕ್ಕೆ 16 ಎಂದು. ಎಣಿಸುವ ರೀತಿ ಬೇರೆ ಎಂಬುದನ್ನು ಬಲ್ಲೆವು. ಆದರೂ ಎರಡಕ್ಕೂ ಹದಿನಾರಕ್ಕೂ ನಡುವಿನ ಮಂದಿ ಎಲ್ಲಿದ್ದಾರೆ? ಸಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ನಾವೂ ಗಣತಿಯ ಪುಸ್ತಕ ಹಿಡಿದು ಮನೆಮನೆಗೆ ತಿರುಗಿದವರೇ. ಒಂದು ಮನೆಯಲ್ಲಿ "ಅಂಗವಿಕಲರು ಇದ್ದಾರೆಯೇ" ಎಂದು ಕೇಳಿದಾಗ ತಾಯಿ "ಯಾರೂ ಇಲ್ರಿ" ಎಂದಳು. ಒಳಗಿನ ಕೋಣೆಯಲ್ಲಿ ಒಂದು ಹುಡುಗಿ ಕೂಗುತ್ತಿದ್ದುದು ಕೇಳುತ್ತಿತ್ತು. ಅಕ್ಕನ ಲಗ್ನ ಗೊತ್ತಾಗಿತ್ತಂತೆ. ನಾವು "ಇಲ್ಲ" ಎಂದೇ ಬರೆದುಕೊಂಡು ಬಂದೆವು. ಆ ಗೆರೆ ಇಂದಿಗೂ ನಮ್ಮನ್ನು ಕಾಡುತ್ತದೆ.

ಇಂಥ ಗೆರೆಗಳನ್ನು ತಿದ್ದುವ ಕೆಲಸ ಮೋರ್ಚಾದಿಂದ ಆಗುವುದಿಲ್ಲ. ನಾಲ್ಕಾರು ವರ್ಷ ತಾಳ್ಮೆಯಿಂದ ಮನೆಮನೆ ಹತ್ತಿಳಿದು, ಕೇಳಿ, ಬರೆದು, ಹೋಲಿಸಿ ನೋಡುವವರು ಬೇಕು. ಒಂದೇ ಉದಾಹರಣೆ ಸಾಕು. ಗ್ರಾಮ ಪಂಚಾಯತಿ, ನಗರಸಭೆಗಳು ತಮ್ಮ ಸ್ವಂತ ಆದಾಯದಲ್ಲಿ ಶೇ. 5ನ್ನು ಅಂಗವಿಕಲರಿಗೆ ತೆಗೆದಿಡಬೇಕೆಂದು ನಮ್ಮ ರಾಜ್ಯ ಸರಕಾರದ ಆಜ್ಞೆಯಿದೆ. ತಿಕೋಟಾ, ಬಬಲೇಶ್ವರ ಎರಡೂ ಹೊಸ ತಾಲೂಕುಗಳು, 2017ರಲ್ಲಿ ಘೋಷಣೆಯಾದವು. ಈ ಎರಡು ತಾಲೂಕುಗಳ ಪಂಚಾಯತಿಗಳಲ್ಲಿ ಆ ಐದು ಪೈಸೆ ಎಲ್ಲಿಗೆ ಹೋಯಿತು? ಪಂಚಾಯತಿಗೊಬ್ಬ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ಅಂಗವಿಕಲರೇ. ಪಗಾರವಿಲ್ಲ, ಗೌರವಧನವೆಂಬ ಚಿಲ್ಲರೆ. ಅವರನ್ನು ಕೇಳಬೇಕು. ಹತ್ತು ರೂಪಾಯಿ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಬಂದ ಕಾಗದವನ್ನು ಊರಿನ ಜನರ ಬಾಯಿಮಾತಿಗೆ ಹೊಂದಿಸಬೇಕು. ಮಂತ್ರಿಗಳ ಮುಂದೆ ನಾವು "ಅನ್ಯಾಯವಾಗಿದೆ" ಎಂದು ಕೂಗಿದರೆ ಅವರು "ಆಧಾರ ಕೊಡಿ" ಎನ್ನುತ್ತಾರೆ. ಆ ಆಧಾರ ಕಟ್ಟುವವರಿಗೆ ಪಿಎಚ್.ಡಿ. ಎಂಬ ಹೆಸರಿದ್ದರೆ ಇರಲಿ.

ದಾರಿ ಸುಗಮವಲ್ಲ. ಈ ವಿಷಯಕ್ಕೆಂದೇ ಕೇಂದ್ರವಿರುವ ಸಂಸ್ಥೆಗಳು ದೇಶದಲ್ಲಿ ಕೆಲವೇ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆ, ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ ಈ ಕೆಲಸದಲ್ಲಿ ಹೆಸರು ಮಾಡಿವೆ. ಅಂಗವಿಕಲ ಸಂಶೋಧಕರಿಗೆಂದು ಕೇಂದ್ರದ ಫೆಲೋಶಿಪ್ಪು ಇಡೀ ದೇಶಕ್ಕೆ ವರ್ಷಕ್ಕೆ 200, ಗಣತಿಯ 2.68 ಕೋಟಿಗೆ ಹಂಚಿದರೆ ಒಂದು ಲಕ್ಷ ಮೂವತ್ತನಾಲ್ಕು ಸಾವಿರಕ್ಕೊಂದು. ಯು.ಜಿ.ಸಿ.ಯ 2022ರ ನಿಯಮದಂತೆ ಪಿಎಚ್.ಡಿ.ಗೆ ಆರು ವರ್ಷ, ಮತ್ತೆ ಎರಡು ವರ್ಷ, ಸ್ತ್ರೀಯರಿಗೂ ಅಂಗವಿಕಲರಿಗೂ ಇನ್ನೆರಡು, ಹೀಗೆ ಹತ್ತು ವರ್ಷದ ತನಕ ಅವಕಾಶವಿದೆ. ಅವಕಾಶವೇನೋ ಸರಿ, ಹತ್ತು ವರ್ಷ ಉಣ್ಣುವುದೇನನ್ನು?

ನಮ್ಮ ತಂಗಿ ಹಿಂದೊಮ್ಮೆ ಒಂದು ಊರಿಗೆ ಪ್ರವೇಶ ಪರೀಕ್ಷೆಗೆ ಹೋದಾಗ ಕೋಣೆ ಮೂರನೆಯ ಅಂತಸ್ತಿನಲ್ಲಿತ್ತಂತೆ. ಲಿಫ್ಟು ಕೆಟ್ಟಿತ್ತು. ತಮ್ಮನು ಹೊತ್ತುಕೊಂಡು ಏರಿಸಿದನು. ಅರ್ಧ ಗಂಟೆ ತಡವಾಯಿತು, ಆ ಅರ್ಧ ಗಂಟೆಯನ್ನು ಮರಳಿ ಕೊಡಲಿಲ್ಲ. 2021ರ ಫೆಬ್ರುವರಿಯಲ್ಲಿ ವಿಕಾಸ ಕುಮಾರ ಎಂಬವರ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು, ಶೇ. 40ರ ಗೆರೆ ಮುಟ್ಟದಿದ್ದರೂ ಬರೆಯಲು ಕೈಬಾರದವನಿಗೆ ಪರೀಕ್ಷೆಯಲ್ಲಿ ಬರೆಯುವ ಸಹಾಯಕನನ್ನು ಕೊಡಬೇಕೆಂದು ತೀರ್ಪಿತ್ತಿತು. ಅನುಕೂಲ ಮಾಡಿಕೊಡುವುದು ದಯೆಯಲ್ಲ, ಹಕ್ಕು ಎಂಬುದು ಅದರ ಸಾರ. ದಿಲ್ಲಿಯ ತೀರ್ಪು ಲಿಫ್ಟು ಕೆಟ್ಟ ಕಟ್ಟಡದ ಮೂರನೆಯ ಅಂತಸ್ತಿಗೆ ಹತ್ತಬೇಕಾಗಿದೆ.

ತಿಕೋಟಾದಿಂದ ವಿಜಯಪುರಕ್ಕೆ ಬರುವ ಬಸ್ಸು ತೊರವಿಯ ಮೇಲೆಯೇ ಬರುತ್ತದೆ. ಅಲ್ಲಿ 2003ರಲ್ಲಿ ಹುಟ್ಟಿದ ಮಹಿಳಾ ವಿಶ್ವವಿದ್ಯಾಲಯವಿದೆ, ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು. ದ್ರಾಕ್ಷಿ ಶೆಡ್ಡಿನ ಕೂಲಿಯ ಮಗಳು ಕಿಟಕಿಯಿಂದ ಅದನ್ನು ನೋಡುತ್ತ ಹೋಗದೆ ಅಲ್ಲಿಯೇ ಇಳಿಯುವಂತಾಗಲಿ ಎಂಬ ಆಸೆ ನಮಗಿದೆ.

ಒಂದು ಸಂಶಯವೂ ಇದೆ, ಅದನ್ನು ಆ ತಂಗಿಯ ಮುಂದೆಯೇ ಆಡಿದೆವು. ನಮ್ಮ ಜನರ ದುಃಖ ಬರೆದುಕೊಂಡು ಹೋಗಿ ಡಾಕ್ಟರರಾದವರು ಮರಳಿ ಓಣಿಗೆ ಕಾಲಿಡದಿರುವುದನ್ನು ಕಂಡಿದ್ದೇವೆ. ಅವರ ಪ್ರಬಂಧ ಇಂಗ್ಲೀಷಿನಲ್ಲಿ ಕಪಾಟಿನೊಳಗೆ ನಿದ್ರಿಸುತ್ತದೆ. ಆಕೆ ಸಿಟ್ಟಾಗಲಿಲ್ಲ. "ನೀವು ಹೇಳೂದು ಖರೇ ಐತ್ರಿ ಸರ್. ಆದ್ರ ಇಷ್ಟ್ ದಿನಾ ನಮ್ಮ ಬಗ್ಗೆ ಕಾಲಿದ್ದವ್ರ ಬರದಾರ. ಒಂದ್ ಸಲ ನಾವೂ ಬರದ್ ನೋಡ್ತೀವಿ," ಎಂದಳು. ಕನ್ನಡದಲ್ಲಿಯೂ ಬರೆದು ಪಂಚಾಯತಿಯ ಮುಂದೆ ಓದುವೆನೆಂದು ಒಪ್ಪಿಕೊಂಡಳು. ನಾವು ಚೀಟಿ ಬರೆದುಕೊಟ್ಟೆವು.

ಬಜಾರಿನ ಚಿಕ್ಕ ವ್ಯಾಪಾರಿಗಳಿಗೂ ಒಂದು ಮಾತು. ನಿಮ್ಮ ಅಂಗಡಿಯ ಮುಂದಿನ ಎರಡು ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು ಹಲಗೆ ಹಾಕಲು ಸರಕಾರದ ಆಜ್ಞೆ ಬೇಕಿಲ್ಲ. ಗಟಾರದ ಮೇಲೆ ಹಾಕಿದ ಫರಸಿಗೆ ಖರ್ಚು ಮಾಡಿದವರು ಹಲಗೆಗೂ ಮಾಡಬಲ್ಲಿರಿ. ತಕ್ಕಡಿಯ ಹಿಂದೆ ಕುಳಿತು ಲೆಕ್ಕ ಬರೆಯುವ ಕೆಲಸಕ್ಕೆ ಕಾಲು ಬೇಕಾಗಿಲ್ಲವೆಂಬುದನ್ನೂ ನೆನೆಯಿರಿ.

ಗಿರಣಿಯಲ್ಲಿ, ಜಿನ್ನಿನಲ್ಲಿ, ಕಬ್ಬಿನ ಗಾಡಿಯ ಕೆಳಗೆ, ಹಮಾಲಿಯಲ್ಲಿ ಅಂಗ ಕಳೆದುಕೊಂಡವರು ನಿಮ್ಮ ಓಣಿಯಲ್ಲಿದ್ದರೆ ಅವರ ಹೆಸರು, ಯಾವ ವರ್ಷ, ಯಾವ ಕೆಲಸ, ಏನು ಪರಿಹಾರ ಬಂದಿತು ಎಂಬಿಷ್ಟನ್ನು ಅವರ ಒಪ್ಪಿಗೆ ಪಡೆದು ನಮ್ಮ ಕಚೇರಿಯ ವಹಿಯಲ್ಲಿ ಬರೆಯಿಸಿರಿ. ಪ್ರತಿ ರವಿವಾರ ಮುಂಜಾನೆ ಹತ್ತರಿಂದ ಒಂದರವರೆಗೆ ವಹಿ ತೆರೆದಿರುತ್ತದೆ. ಮೊದಲ ಹೆಸರನ್ನು ಆ ಹಮಾಲ ಅಣ್ಣನೇ ಬರೆಯಿಸಿ ಹೋಗಿದ್ದಾರೆ, ತಮ್ಮ ಸ್ವಂತ ತಮ್ಮನದು.