ಮೈ ಬರುವ ಭಯ, ಮಾತ್ರೆ ಬದಲಿಸುವ ಅವಸರ

ಬೆಂಗಳೂರಿನ ಯಾವುದೇ ಬಡಾವಣೆಯ ಔಷಧ ಅಂಗಡಿಯ ಮುಂದೆ ಸಂಜೆ ಹೊತ್ತು ಸ್ವಲ್ಪ ಕಾಲ ನಿಂತರೆ ಕಾಣಸಿಗುವ ದೃಶ್ಯವಿದು. ಯುವತಿಯೊಬ್ಬಳು ಅಂಗಡಿಯಲ್ಲಿ ಬೇರೆ ಗಿರಾಕಿಗಳಿಲ್ಲದ ಸಮಯ ನೋಡಿಕೊಂಡು ಒಳಬರುತ್ತಾಳೆ. ಕೈಚೀಲದಿಂದ ಖಾಲಿಯಾದ ಗರ್ಭನಿರೋಧಕ ಮಾತ್ರೆಯ ಹಾಳೆಯನ್ನು ಅರ್ಧ ಮಾತ್ರ ಹೊರತೆಗೆದು ತೋರಿಸುತ್ತಾಳೆ. ಅದೇ ಮಾತ್ರೆ ಬೇಕೆಂದಲ್ಲ, ಅದು ಬೇಡವೆಂದು. 'ಇದರಿಂದ ದಪ್ಪ ಆಗ್ತಿದ್ದೀನಿ, ಬೇರೆ ಯಾವುದಾದರೂ ಇದ್ದರೆ ಕೊಡಿ' ಎನ್ನುತ್ತಾಳೆ. ಅಂಗಡಿಯವರು ಕಪಾಟಿನಿಂದ ಇನ್ನೊಂದು ಹೆಸರಿನ, ಹೆಚ್ಚು ಬೆಲೆಯ ಮಾತ್ರೆ ತೆಗೆದು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಎರಡು ನಿಮಿಷದಲ್ಲಿ ಮುಗಿದುಹೋಗುವ ಈ ವಹಿವಾಟಿನಲ್ಲಿ ಆಕೆಯ ರಕ್ತದೊತ್ತಡ ಎಷ್ಟು, ತೀವ್ರ ತಲೆನೋವಿನ ತೊಂದರೆ ಇದೆಯೇ, ಮನೆಯಲ್ಲಿ ಹಾಲು ಕುಡಿಯುವ ಕೂಸು ಇದೆಯೇ ಎಂದು ಕೇಳುವವರಿಲ್ಲ.

ಇದೇ ದೂರನ್ನು ಆಕೆ ಆಸ್ಪತ್ರೆಗೆ ಒಯ್ದರೂ ಹಲವು ವೇಳೆ ಸಿಗುವ ಉತ್ತರ ಅಷ್ಟೇ ಚುಟುಕಾದದ್ದು: 'ಮಾತ್ರೆಯಿಂದ ಯಾರೂ ದಪ್ಪ ಆಗುವುದಿಲ್ಲ, ಅದೆಲ್ಲ ನಿಮ್ಮ ಭ್ರಮೆ, ಊಟ ಕಡಿಮೆ ಮಾಡಿ.' ಒಂದು ಕಡೆ ಪ್ರಶ್ನೆಯೇ ಇಲ್ಲದ ಮಾರಾಟ, ಇನ್ನೊಂದು ಕಡೆ ಕೇಳಿಸಿಕೊಳ್ಳದ ಸಮಾಧಾನ. ಇವೆರಡೂ ತಪ್ಪು. ತೂಕದ ಬಗ್ಗೆ ಹೆಣ್ಣುಮಕ್ಕಳಿಗಿರುವ ಆತಂಕವನ್ನು ಅಲ್ಲಗಳೆಯದೆ, ಆದರೆ ಅದಕ್ಕೆ ಆಧಾರವೆಷ್ಟು ಎಂಬುದನ್ನೂ ಮುಚ್ಚಿಡದೆ ಮಾತನಾಡುವ ವ್ಯವಸ್ಥೆಯೊಂದು ನಮ್ಮಲ್ಲಿ ಬೆಳೆಯದಿರುವುದೇ ನಿಜವಾದ ಸಮಸ್ಯೆ.

ಮೊದಲು ಆಧಾರದ ಮಾತು. ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳನ್ನು ಒಳಗೊಂಡ ಮಾತ್ರೆಗೂ ದೇಹದ ತೂಕಕ್ಕೂ ಇರುವ ಸಂಬಂಧವನ್ನು ಕಾಕ್ರೇನ್ ಸಂಸ್ಥೆಯ 2014ರ ಪರಾಮರ್ಶೆ ವಿವರವಾಗಿ ಪರಿಶೀಲಿಸಿದೆ. ಅದು ಗಣನೆಗೆ ತೆಗೆದುಕೊಂಡದ್ದು 49 ಪ್ರಯೋಗಗಳನ್ನು. ಅವುಗಳ ಪೈಕಿ ಹುಸಿ ಮಾತ್ರೆ ಪಡೆದವರ ಅಥವಾ ಯಾವ ಮಾತ್ರೆಯನ್ನೂ ಪಡೆಯದವರ ಗುಂಪಿನೊಂದಿಗೆ ಹೋಲಿಕೆ ಮಾಡಿದ್ದ 4 ಪ್ರಯೋಗಗಳಲ್ಲಿ, ಮಾತ್ರೆಯಿಂದಲೇ ತೂಕ ಹೆಚ್ಚಿತು ಎನ್ನಲು ಪುರಾವೆ ಸಿಗಲಿಲ್ಲ. ಒಂದು ಬಗೆಯ ಮಾತ್ರೆಯನ್ನು ಇನ್ನೊಂದರೊಡನೆ ಹೋಲಿಸಿದ ಬಹುತೇಕ ಪ್ರಯೋಗಗಳಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಸಣ್ಣ ಪ್ರಮಾಣದ ಪರಿಣಾಮವನ್ನು ಪೂರ್ತಿಯಾಗಿ ತಳ್ಳಿಹಾಕುವಷ್ಟು ಸಾಕ್ಷ್ಯ ಇಲ್ಲದಿದ್ದರೂ ದೊಡ್ಡ ಪರಿಣಾಮವಂತೂ ಇಲ್ಲ ಎಂಬುದು ಅದರ ತೀರ್ಮಾನ. ಅಂದರೆ, ಒಂದು ಮಾತ್ರೆ ಬಿಟ್ಟು ಇನ್ನೊಂದಕ್ಕೆ ಹಾರಿದರೆ ತೂಕ ಇಳಿಯುತ್ತದೆ ಎಂಬ ನಂಬಿಕೆಗೆ ಗಟ್ಟಿ ನೆಲೆಯಿಲ್ಲ.

ಹಾಗಾದರೆ ಈ ನಂಬಿಕೆ ಹುಟ್ಟಿದ್ದೆಲ್ಲಿಂದ? ಇದಕ್ಕೊಂದು ಚರಿತ್ರೆಯಿದೆ. 1960ರಲ್ಲಿ ಅಮೆರಿಕದಲ್ಲಿ ಗರ್ಭನಿರೋಧಕವಾಗಿ ಒಪ್ಪಿಗೆ ಪಡೆದ ಮೊದಲ ಮಾತ್ರೆ ಎನೋವಿಡ್‌ನಲ್ಲಿ 0.15 ಮಿಲಿಗ್ರಾಂ ಈಸ್ಟ್ರೊಜೆನ್, 10 ಮಿಲಿಗ್ರಾಂ ಪ್ರೊಜೆಸ್ಟಿನ್ ಇದ್ದವು. ಇಂದು ನಮ್ಮಲ್ಲಿ ಬಳಕೆಯಲ್ಲಿರುವ ಮಾಲಾ-ಡಿ ಮತ್ತು ಮಾಲಾ-ಎನ್ ಮಾತ್ರೆಗಳಲ್ಲಿರುವುದು 0.03 ಮಿಲಿಗ್ರಾಂ ಈಸ್ಟ್ರೊಜೆನ್, 0.15 ಮಿಲಿಗ್ರಾಂ ಪ್ರೊಜೆಸ್ಟಿನ್. ರಾಸಾಯನಿಕಗಳು ಬೇರೆಯಾದ್ದರಿಂದ ನೇರ ಹೋಲಿಕೆ ಸಲ್ಲದಾದರೂ, ಅಂದಿನ ಮಾತ್ರೆಗೂ ಇಂದಿನದಕ್ಕೂ ಅಜಗಜಾಂತರವಿದೆ ಎಂಬುದಂತೂ ಸ್ಪಷ್ಟ. ಮಾತ್ರೆಯ ಪ್ರಮಾಣ ಇಳಿದರೂ ಅದರ ಹೆಸರಿಗೆ ಅಂಟಿಕೊಂಡ ಅಪಖ್ಯಾತಿ ಇಳಿಯಲಿಲ್ಲ.

ಆ ಅಪಖ್ಯಾತಿಗೆ ಮಹಿಳೆಯರನ್ನು ದೂರುವಂತಿಲ್ಲ. 1956ರಲ್ಲಿ ಪೋರ್ಟೊ ರಿಕೊದಲ್ಲಿ ಈ ಮಾತ್ರೆಯ ಪ್ರಯೋಗ ನಡೆದಾಗ ಅದರ ಉಸ್ತುವಾರಿ ವಹಿಸಿದ್ದ ವೈದ್ಯೆ ಎಡ್ರಿಸ್ ರೈಸ್-ರೇ, ಶೇ 17ರಷ್ಟು ಮಹಿಳೆಯರು ವಾಕರಿಕೆ, ತಲೆಸುತ್ತು, ತಲೆನೋವಿನಂಥ ತೊಂದರೆಗಳನ್ನು ಹೇಳಿಕೊಂಡಿದ್ದಾರೆಂದು ವರದಿ ಮಾಡಿದ್ದರು. ಮಾತ್ರೆಯನ್ನು ರೂಪಿಸಿದ ಗ್ರೆಗೊರಿ ಪಿಂಕಸ್ ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಬಹಳಷ್ಟು ದೂರುಗಳು ಮನಸ್ಸಿನಿಂದ ಹುಟ್ಟಿದವು ಎಂಬುದು ಅವರ ನಿಲುವಾಗಿತ್ತು. 1970ರಲ್ಲಿ ಅಮೆರಿಕದ ಸೆನೆಟ್ ಸಮಿತಿ ಮಾತ್ರೆಯ ಸುರಕ್ಷತೆಯ ಕುರಿತು ವಿಚಾರಣೆ ನಡೆಸಿದಾಗ, ಮಾತ್ರೆ ನುಂಗಿದ ಮಹಿಳೆಯರನ್ನು ಸಾಕ್ಷ್ಯ ಹೇಳಲು ಕರೆದಿರಲಿಲ್ಲ. ಅವರು ಸಭಾಂಗಣದಲ್ಲೇ ಎದ್ದುನಿಂತು ಪ್ರತಿಭಟಿಸಬೇಕಾಯಿತು. ಅಡ್ಡಪರಿಣಾಮಗಳನ್ನು ತಿಳಿಸುವ ಚೀಟಿಯನ್ನು ಮಾತ್ರೆಯೊಂದಿಗೆ ಕೊಡುವ ಪದ್ಧತಿ ಅಮೆರಿಕದಲ್ಲಿ ಬಂದದ್ದು ಆ ಬಳಿಕವೇ. 'ಎಲ್ಲ ನಿಮ್ಮ ಭ್ರಮೆ' ಎಂಬ ಮಾತು ಮಾತ್ರೆಯಷ್ಟೇ ಹಳೆಯದು, ಮತ್ತು ಅದು ಆಗಲೇ ಒಮ್ಮೆ ಸುಳ್ಳಾಗಿದೆ.

ಅಷ್ಟೇ ಅಲ್ಲ, 'ಯಾವುದರಿಂದಲೂ ತೂಕ ಹೆಚ್ಚುವುದಿಲ್ಲ' ಎಂದು ಎಲ್ಲ ವಿಧಾನಗಳಿಗೂ ಒಂದೇ ಮಾತು ಅನ್ವಯಿಸುವುದು ಈಗಲೂ ಸತ್ಯಕ್ಕೆ ದೂರ. 2017ರಿಂದ ಸರ್ಕಾರಿ ಕಾರ್ಯಕ್ರಮದಡಿ 'ಅಂತರ' ಎಂಬ ಹೆಸರಿನಲ್ಲಿ ಮೂರು ತಿಂಗಳಿಗೊಮ್ಮೆ ನೀಡಲಾಗುತ್ತಿರುವ ಚುಚ್ಚುಮದ್ದು ಪ್ರೊಜೆಸ್ಟಿನ್ ಮಾತ್ರ ಇರುವಂಥದ್ದು. ಇದನ್ನು ಪಡೆಯುವ ಕೆಲವರಲ್ಲಿ ತೂಕ ಹೆಚ್ಚುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಮೊದಲ ಆರು ತಿಂಗಳಲ್ಲೇ ದೇಹತೂಕದ ಶೇ 5ಕ್ಕಿಂತ ಹೆಚ್ಚು ಏರಿಕೆಯಾದವರಲ್ಲಿ ಅದು ಮುಂದುವರಿಯುವ ಸಂಭವವೂ ಹೆಚ್ಚು. ಅಂಥವರ ದೂರನ್ನು ಕೇಳಿ ಬೇರೆ ವಿಧಾನ ಸೂಚಿಸುವುದೇ ಸರಿಯಾದ ಕ್ರಮ. ಚುಚ್ಚುಮದ್ದಿನ ವಿಷಯದಲ್ಲಿ ನಿಜವಾದದ್ದನ್ನು ಮಾತ್ರೆಗೂ ಆರೋಪಿಸುವುದು ಎಷ್ಟು ತಪ್ಪೋ, ಮಾತ್ರೆಯ ಬಗೆಗಿನ ಭರವಸೆಯನ್ನು ಚುಚ್ಚುಮದ್ದಿಗೂ ವಿಸ್ತರಿಸುವುದು ಅಷ್ಟೇ ತಪ್ಪು.

ನಮ್ಮಲ್ಲಿ ಗೊಂದಲವನ್ನು ಹೆಚ್ಚಿಸುವ ಇನ್ನೊಂದು ಸಂಗತಿಯೆಂದರೆ ಹಲವು ಬಗೆಯ ಮಾತ್ರೆಗಳನ್ನು ಒಂದೇ ಹೆಸರಿನಿಂದ ಕರೆಯುವುದು. ಮದುವೆ, ಗೃಹಪ್ರವೇಶ, ಯಾತ್ರೆಯ ಸಂದರ್ಭದಲ್ಲಿ ಮುಟ್ಟನ್ನು ಮುಂದೂಡಲು ನುಂಗುವ ಮಾತ್ರೆ ಬೇರೆ. ತುರ್ತು ಸಂದರ್ಭಕ್ಕೆಂದು 72 ಗಂಟೆಯೊಳಗೆ ನುಂಗುವ ಮಾತ್ರೆ ಬೇರೆ. ದಿನವೂ ನುಂಗುವ ಗರ್ಭನಿರೋಧಕ ಬೇರೆ. ಪಿಸಿಓಡಿ ಇರುವ ಯುವತಿಯರಿಗೆ ಮುಟ್ಟನ್ನು ಕ್ರಮಕ್ಕೆ ತರಲು ಇದೇ ಗರ್ಭನಿರೋಧಕ ಮಾತ್ರೆಯನ್ನು ಕೊಡುವುದುಂಟು. ಆ ತೊಂದರೆ ಇರುವ ಅನೇಕರಲ್ಲಿ ತೂಕ ಏರುವ ಪ್ರವೃತ್ತಿಯೂ ಇರುತ್ತದೆ. ರೋಗದ ಲಕ್ಷಣ ಮದ್ದಿನ ತಲೆಗೆ ಕಟ್ಟಲ್ಪಡುವುದು ಹೀಗೆ. ಹೊಸದಾಗಿ ಮದುವೆಯಾದವಳ ಬದಲಾದ ಊಟ, ಬಾಣಂತನದ ಆರೈಕೆ, ದಿನವಿಡೀ ಕುಳಿತು ಮಾಡುವ ಕೆಲಸ, ಪತ್ತೆಯಾಗದ ಥೈರಾಯ್ಡ್ ಕೊರತೆ, ಇವೆಲ್ಲ ಮಾತ್ರೆ ಆರಂಭವಾಗುವ ವಯಸ್ಸಿನಲ್ಲೇ ಒಟ್ಟಿಗೆ ಬರುತ್ತವೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಧಿಕ ತೂಕ ಅಥವಾ ಬೊಜ್ಜು ಇರುವ ಮಹಿಳೆಯರ ಪ್ರಮಾಣ 2015–16ರಲ್ಲಿ ಶೇ 20.6 ಇದ್ದದ್ದು 2019–21ರ ವೇಳೆಗೆ ಶೇ 24ಕ್ಕೆ ಏರಿತ್ತು. ಅದೇ ಸಮೀಕ್ಷೆಯಲ್ಲಿ ಮಾತ್ರೆ ಬಳಸುತ್ತಿದ್ದ ವಿವಾಹಿತೆಯರು ಶೇ 5.1 ಮಾತ್ರ. ಇಷ್ಟು ಕಡಿಮೆ ಮಂದಿ ನುಂಗುವ ಮಾತ್ರೆಯ ಮೇಲೆ ಇಡೀ ದೇಶದ ತೂಕದ ಹೊರೆಯನ್ನು ಹೊರಿಸಲಾದೀತೇ?

ಮಾತ್ರೆ ಬದಲಿಸುವುದರಿಂದ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ಡ್ರೊಸ್ಪಿರಿನೋನ್ ಎಂಬ ಪ್ರೊಜೆಸ್ಟಿನ್ ಇರುವ ಮಾತ್ರೆಗಳು ದೇಹದಲ್ಲಿ ನೀರು ನಿಲ್ಲುವುದನ್ನು ಸ್ವಲ್ಪ ತಡೆಯುತ್ತವೆ. 'ಮೈ ಬರದ ಮಾತ್ರೆ' ಎಂದು ಅವು ಹೆಸರಾಗಿರುವುದು ಇದರಿಂದಲೇ. ಆದರೆ ಐರೋಪ್ಯ ಔಷಧ ಸಂಸ್ಥೆ 2013ರಲ್ಲಿ ಪೂರ್ಣಗೊಳಿಸಿದ ಪರಾಮರ್ಶೆಯನ್ನು ಗಮನಿಸಬೇಕು. ಮಾತ್ರೆ ನುಂಗದ, ಗರ್ಭಿಣಿಯೂ ಅಲ್ಲದ 10,000 ಮಹಿಳೆಯರ ಪೈಕಿ ವರ್ಷಕ್ಕೆ ಸುಮಾರು 2 ಮಂದಿಯಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಕಾಣಿಸಿಕೊಂಡರೆ, ಹಳೆಯ ಲೆವೊನೊರ್ಜೆಸ್ಟ್ರೆಲ್ ಮಾತ್ರೆ ನುಂಗುವವರಲ್ಲಿ ಆ ಸಂಖ್ಯೆ 5ರಿಂದ 7. ಡ್ರೊಸ್ಪಿರಿನೋನ್ ಅಥವಾ ಡೆಸೊಜೆಸ್ಟ್ರೆಲ್ ಇರುವ ಸಂಯುಕ್ತ ಮಾತ್ರೆಗಳಲ್ಲಿ 9ರಿಂದ 12. ಅಪಾಯ ಒಟ್ಟಾರೆ ಕಡಿಮೆಯೇ. ಗರ್ಭಧಾರಣೆಯ ಅವಧಿಯಲ್ಲಿ ಅದು ಇದಕ್ಕಿಂತ ಹೆಚ್ಚಿರುತ್ತದೆ. ಹೆದರುವ ಅಗತ್ಯವಿಲ್ಲ. ಆದರೆ ಇರುವುದೋ ಇಲ್ಲವೋ ಎಂಬಂಥ ತೂಕದ ಲಾಭಕ್ಕಾಗಿ ಹೆಚ್ಚಿನ ಅಪಾಯವನ್ನು ಒಪ್ಪಿಕೊಳ್ಳುವ ಮುನ್ನ, ಆ ಲೆಕ್ಕ ಅವಳಿಗೆ ತಿಳಿದಿರಬೇಡವೇ? ಅಧಿಕ ರಕ್ತದೊತ್ತಡ ಇರುವವರು, ಕಣ್ಣಿನ ಮುಂದೆ ಮಿಂಚಿನಂಥ ಗೆರೆ ಕಾಣಿಸುವ ಮೈಗ್ರೇನ್ ಇರುವವರು, 35 ದಾಟಿದ ಧೂಮಪಾನಿಗಳು, ಆರು ತಿಂಗಳೊಳಗಿನ ಕೂಸಿಗೆ ಹಾಲೂಡಿಸುವವರು ಈಸ್ಟ್ರೊಜೆನ್ ಇರುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಆದ್ದರಿಂದ ಮಾತ್ರೆ ಆರಂಭಿಸುವಾಗಲೂ ಬದಲಿಸುವಾಗಲೂ ತೂಕದ ಯಂತ್ರಕ್ಕಿಂತ ಮೊದಲು ಬೇಕಾದದ್ದು ರಕ್ತದೊತ್ತಡ ಅಳೆಯುವ ಪಟ್ಟಿ.

ಇನ್ನೊಂದು ನಷ್ಟ ಮಾತ್ರೆಯನ್ನು ಅರ್ಧಕ್ಕೇ ಬಿಡುವುದರಿಂದ ಆಗುವುದು. ತೂಕದ ಚಿಂತೆಯಲ್ಲಿ ಹಾಳೆಯ ನಡುವೆಯೇ ನಿಲ್ಲಿಸಿ, 'ಮುಂದಿನ ತಿಂಗಳು ಹೊಸದು ನೋಡೋಣ' ಎಂದುಕೊಳ್ಳುವವರು ಆ ನಡುವಿನ ದಿನಗಳಲ್ಲಿ ಯಾವ ರಕ್ಷಣೆಯೂ ಇಲ್ಲದೆ ಉಳಿಯುತ್ತಾರೆ. ಒಂದು ಸಂಯುಕ್ತ ಮಾತ್ರೆಯಿಂದ ಇನ್ನೊಂದಕ್ಕೆ ಬದಲಾಗುವಾಗ ಹಳೆಯದರ ಕೊನೆಯ ಹಾರ್ಮೋನು ಮಾತ್ರೆಯ ಮರುದಿನವೇ ಹೊಸದನ್ನು ಆರಂಭಿಸಿದರೆ ರಕ್ಷಣೆ ತಪ್ಪುವುದಿಲ್ಲ. ಮಾಲಾ-ಡಿಯಂಥ ಹಾಳೆಯಲ್ಲಿ ಕೊನೆಯ 7 ಮಾತ್ರೆಗಳು ಕಬ್ಬಿಣಾಂಶದವು, ಅವುಗಳಲ್ಲಿ ಹಾರ್ಮೋನು ಇರುವುದಿಲ್ಲ. ಈ ಸರಳ ವಿವರವನ್ನು ಹೇಳಲು ಎರಡು ನಿಮಿಷ ಸಾಕು. ಹಾರ್ಮೋನೇ ಬೇಡವೆನ್ನುವವರಿಗೆ ಕಾಪರ್-ಟಿ ಇದೆ, ನಿರೋಧ್ ಇದೆ, ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಸರ್ಕಾರಿ ಆಸ್ಪತ್ರೆಗಳಲ್ಲಿ 'ಛಾಯಾ' ಹೆಸರಿನಲ್ಲಿ ಸಿಗುವ ಮಾತ್ರೆಯೂ ಇದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು ನುಂಗಿದರಾಯಿತು. ಕೆಲವರಲ್ಲಿ ಮುಟ್ಟು ತಡವಾಗಬಹುದೆಂಬ ಎಚ್ಚರಿಕೆಯನ್ನು ಮೊದಲೇ ಹೇಳಿರಬೇಕಷ್ಟೆ.

ಆದರೆ ಹೇಳುವವರಾರು? 2019–21ರ ಸಮೀಕ್ಷೆಯಲ್ಲಿ, ತಾವು ಬಳಸುತ್ತಿರುವ ವಿಧಾನದ ಅಡ್ಡಪರಿಣಾಮಗಳ ಬಗ್ಗೆ ತಮಗೆ ತಿಳಿಸಲಾಗಿತ್ತು ಎಂದವರು ಶೇ 62.4 ಮಾತ್ರ. ಹತ್ತರಲ್ಲಿ ಸುಮಾರು ನಾಲ್ವರಿಗೆ ಯಾರೂ ಏನನ್ನೂ ಹೇಳಿಲ್ಲ. ಹೇಳದೆ ಬಿಟ್ಟ ಜಾಗವನ್ನು ನೆರೆಮನೆಯ ಮಾತು ತುಂಬುತ್ತದೆ. ಆ ಮಾತಿಗೆ ಹೆದರಿ ಮಾತ್ರೆ ಬಿಟ್ಟವಳ ಮುಂದೆ ಉಳಿಯುವ ದಾರಿಗಳು ಹೆಚ್ಚಿಲ್ಲ. ದೇಶದ ವಿವಾಹಿತೆಯರಲ್ಲಿ ಶೇ 37.9ರಷ್ಟು ಮಂದಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗೆ ಒಳಗಾದವರು. ಕರ್ನಾಟಕದಲ್ಲಂತೂ ಆ ಪ್ರಮಾಣ ಅರ್ಧಕ್ಕಿಂತ ಹೆಚ್ಚು. ಗಂಡಸರ ಪಾಲು ದೇಶದಲ್ಲಿ ಶೇ 0.3. ಮೂವತ್ತು ತುಂಬುವ ಮೊದಲೇ 'ಆಪರೇಷನ್ ಮಾಡಿಸಿಬಿಡು' ಎಂಬ ಸಲಹೆಗೆ ತಲೆಬಾಗುವವರಲ್ಲಿ, ತಾತ್ಕಾಲಿಕ ವಿಧಾನವೊಂದನ್ನು ಬಳಸಿ ಅಡ್ಡಪರಿಣಾಮದ ಭಯದಿಂದ ಕೈಬಿಟ್ಟವರೂ ಇದ್ದಾರೆ. ತೂಕದ ಕುರಿತ ಪುಟ್ಟ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಅದರ ಬೆಲೆ ಇಷ್ಟು ದೊಡ್ಡದಾಗಬಹುದು.

ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾಗಿತ್ತು. ಜಗತ್ತಿನಲ್ಲೇ ಸರ್ಕಾರವೊಂದರ ಇಂಥ ಮೊದಲ ಪ್ರಯತ್ನವೆಂದು ಅದನ್ನು ಗುರುತಿಸಲಾಗುತ್ತದೆ. ಆ ಪರಂಪರೆಯ ನಾಡಿನಲ್ಲಿ ಈಗ ಬೇಕಿರುವುದು ಹೊಸ ಮಾತ್ರೆಯಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಕೊಡುವ ದಿನವೇ ತೂಕ ಮತ್ತು ರಕ್ತದೊತ್ತಡ ಬರೆದಿಡುವ ಚೀಟಿ, ಮೂರು ತಿಂಗಳ ಬಳಿಕ ಅದನ್ನು ಮತ್ತೆ ನೋಡುವ ಪದ್ಧತಿ, ಎಲ್ಲ ಪೊಟ್ಟಣಗಳಲ್ಲೂ ಓದಲಾಗುವ ಅಕ್ಷರದ ಕನ್ನಡ ವಿವರ, ಆಶಾ ಕಾರ್ಯಕರ್ತೆಯರಿಗೆ ಅಡ್ಡಪರಿಣಾಮಗಳನ್ನು ಕುರಿತು ಮಾತನಾಡುವ ತರಬೇತಿ. ಇವು ದುಬಾರಿ ಸಂಗತಿಗಳಲ್ಲ. ಬರೆದಿಟ್ಟ ತೂಕ ಕಣ್ಣೆದುರಿಗಿದ್ದರೆ ಏರಿದ್ದು ನಿಜವೇ, ಎಷ್ಟು, ಯಾವಾಗಿನಿಂದ ಎಂಬುದು ವೈದ್ಯರಿಗೂ ತಿಳಿಯುತ್ತದೆ, ಅವಳಿಗೂ ತಿಳಿಯುತ್ತದೆ. ಆಮೇಲೂ ಮಾತ್ರೆ ಬದಲಿಸಬೇಕೆಂದು ಅವಳಿಗೆ ಅನ್ನಿಸಿದರೆ ಬದಲಿಸಲಿ; ದೇಹ ಅವಳದು. ಆದರೆ ಆ ತೀರ್ಮಾನವನ್ನು ಔಷಧ ಅಂಗಡಿಯ ಕಟ್ಟೆಯ ಮುಂದೆ, ಹಿಂದೆ ಮುಂದೆ ನೋಡಿಕೊಂಡು, ಎರಡು ನಿಮಿಷದಲ್ಲಿ ತೆಗೆದುಕೊಳ್ಳುವ ಸ್ಥಿತಿ ಅವಳಿಗೆ ಬರಬಾರದು.