ಮೆಟ್ಟಿಲು ಉಳಿಸಿದರೆ ಸಾಕೇ?

ಅಮೆರಿಕದ ಫ್ಲೋರಿಡಾದಲ್ಲಿರುವ ಸೇಂಟ್ ಅಗಸ್ಟೀನ್ ಪಟ್ಟಣದಲ್ಲಿ ಮಾನ್ಸನ್ ಮೋಟರ್ ಲಾಡ್ಜ್ ಎಂಬ ಹೋಟೆಲಿತ್ತು. ಕಪ್ಪುವರ್ಣೀಯರಿಗೆ ಅಲ್ಲಿ ಪ್ರವೇಶವಿರಲಿಲ್ಲ. ನಾವು ಪಂಕ್ತಿಭೇದ ಎನ್ನುತ್ತೇವಲ್ಲ, ಅದೇ. ಅಲ್ಲಿ ಅದು ಪೊಲೀಸರ ಕಾವಲಿನಲ್ಲೇ ನಡೆಯುತ್ತಿತ್ತು. 1964ರ ಜೂನ್ 11ರಂದು ಮಾರ್ಟಿನ್ ಲೂಥರ್ ಕಿಂಗ್ ಅವರು ಅದರ ಮೆಟ್ಟಿಲ ಮೇಲೆ ನಿಂತು ಊಟ ಕೇಳಿ ಬಂಧಿತರಾದರು. ವಾರ ಕಳೆದು ಕಪ್ಪುವರ್ಣೀಯರೂ ಬಿಳಿಯರೂ ಕೂಡಿ ಅಲ್ಲಿನ ಈಜುಕೊಳಕ್ಕೆ ಇಳಿದಾಗ ವ್ಯವಸ್ಥಾಪಕ ನೀರಿಗೆ ಮ್ಯೂರಿಯಾಟಿಕ್ ಆಮ್ಲ ಸುರಿದ. ನಾವು ಹೈಡ್ರೋಕ್ಲೋರಿಕ್ ಆಮ್ಲ ಎನ್ನುವುದು ಇದನ್ನೇ. ಅಷ್ಟು ನೀರಿನಲ್ಲಿ ಅದು ತೆಳುವಾಗಿಬಿಡುತ್ತದೆಂದು ಇಂಜಿನಿಯರನಾಗಿ ನಾನು ಹೇಳಬಲ್ಲೆ. ಕೊಳದೊಳಗಿದ್ದವರಿಗೆ ಆ ಲೆಕ್ಕ ಹೇಳಿ ಸಮಾಧಾನ ಮಾಡಲಾದೀತೇ?

ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯ್ದೆ ಬಂತು. 216 ಕೋಣೆಗಳ ಹಾರ್ಟ್ ಆಫ್ ಅಟ್ಲಾಂಟಾ ಮೋಟೆಲಿನ ಮಾಲೀಕ ಅದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋಗಿ ಡಿಸೆಂಬರ್ 14ರಂದು ಸೋತ. ನ್ಯಾಯಮೂರ್ತಿಗಳಲ್ಲಿ ಒಬ್ಬರೂ ಅವನ ಪರ ನಿಲ್ಲಲಿಲ್ಲ.

ಮಾನ್ಸನ್ ಕಟ್ಟಡವನ್ನು 2003ರಲ್ಲಿ ಕೆಡವಿದರು. ಆ ಜಾಗದಲ್ಲಿ ಹಿಲ್ಟನ್ ಹೋಟೆಲ್ ಎದ್ದಿತು. ಕಿಂಗ್ ನಿಂತಿದ್ದ ಮೆಟ್ಟಿಲುಗಳನ್ನು ಉಳಿಸಿದ್ದಾರೆ, ಸಂತೋಷ. ಅಟ್ಲಾಂಟಾದ ಮೋಟೆಲಿದ್ದ ಜಾಗಕ್ಕೂ ಹಿಲ್ಟನ್ನೇ ಬಂತು. ತಪ್ಪು ನಮ್ಮದಲ್ಲವೆಂದು ಹೊಸಬರು ಹೇಳಬಹುದು, ನಿಜವೇ. ಆದರೆ ಸರ್ಕಾರಿ ಕೆಲಸದಲ್ಲಿ ಚಾರ್ಜು ವಹಿಸಿಕೊಂಡವನು ಹಿಂದಿನವನ ಬಾಕಿಯನ್ನೂ ವಹಿಸಿಕೊಳ್ಳುತ್ತಾನೆ. ನಿವೇಶನದ ಬೆಲೆ, ನೀರಿನ ದಂಡೆಯ ನೋಟ ಎಲ್ಲ ಬೇಕು, ಚರಿತ್ರೆ ಮಾತ್ರ ಬೇಡವೆಂದರೆ ಹೇಗೆ? ಕೋಣೆ ಹಿಡಿಯುವ ಪ್ರತಿ ಅತಿಥಿಗೂ ಆ ಕೊಳದ ಕಥೆ ಮೊದಲು ತಿಳಿಯಲಿ. ಗಳಿಕೆಯಲ್ಲೊಂದು ಪಾಲು ಆ ಊರಿನ ಕಪ್ಪುವರ್ಣೀಯ ಮಕ್ಕಳ ಓದಿಗೂ ಇಂದಿನ ಹಕ್ಕಿನ ಹೋರಾಟಗಳಿಗೂ ಸಲ್ಲಲಿ.